ಎಂಎಸ್‌ಡಬ್ಲ್ಯೂ, ಎಸ್‌ಎಚ್‌ಆರ್‌ಎಂ, ಸಿಐಪಿಡಿ: ಮೂರನ್ನೂ ಹತ್ತಿರದಿಂದ ನೋಡಿದ ಮೇಲೆ

ಡಿಗ್ರಿ ಮುಗಿಸಿ ಎಚ್‌ಆರ್ ಲೈನಿಗೆ ಬರಬೇಕು ಅನ್ನೋರು ಮೊದಲು ಕೇಳೋದು, "ಮೇಡಂ, ಯಾವ ಸರ್ಟಿಫಿಕೇಟ್ ಮಾಡಿದ್ರೆ ಕೆಲಸ ಗ್ಯಾರಂಟಿ?" ಗ್ಯಾರಂಟಿ ಯಾವುದಕ್ಕೂ ಇಲ್ಲ, ನಾನು ನೋಡಿದ ಮೂರಕ್ಕೂ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಎಸ್‌ಎಚ್‌ಆರ್‌ಎಂ (ಅಮೆರಿಕದ ಎಚ್‌ಆರ್ ಸಂಸ್ಥೆಯ ಪರೀಕ್ಷೆ), ಸಿಐಪಿಡಿ (ಇಂಗ್ಲೆಂಡಿನ ಎಚ್‌ಆರ್ ಸಂಸ್ಥೆಯ ಕೋರ್ಸು). ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ ನಮಗೊಂದು ಕೌನ್ಸಿಲ್ ಇಲ್ಲ, ಲೈಸೆನ್ಸೂ ಇಲ್ಲ. ಬಿಕಾಂ ಮಾಡಿದವರು, ಎಂಜಿನಿಯರಿಂಗ್ ಮಾಡಿ ಬೇಜಾರಾದವರು, ಎಲ್ಲರೂ ಎಚ್‌ಆರ್ ಆಗಿದ್ದಾರೆ. ಇಂಥದ್ದೇ ಓದಿರಬೇಕು ಅಂತ ಕಾನೂನೇ ಕೇಳೋದು ಮುಖ್ಯವಾಗಿ ಕಾರ್ಖಾನೆಯಲ್ಲಿ ಕಾರ್ಮಿಕರ ಕ್ಷೇಮ ನೋಡಿಕೊಳ್ಳುವ ವೆಲ್‌ಫೇರ್ ಆಫೀಸರ್ ಹುದ್ದೆಗೆ. ಮಜಾ ಏನಂದ್ರೆ, ಆ ಹುದ್ದೆಗೆ ನಡೆಯೋದು ಮೂರರಲ್ಲಿ ಅತಿ ಅಗ್ಗದ್ದು, ಎಂಎಸ್‌ಡಬ್ಲ್ಯೂ.

ನಾನು ಎಂಎಸ್‌ಡಬ್ಲ್ಯೂ ಮಾಡಿ ಹೊಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಶುರು ಮಾಡಿದವಳು. ಆಮೇಲೆ ವೈಟ್‌ಫೀಲ್ಡ್ ಕಡೆಯ ಐಟಿ ಕಂಪನಿಗೆ ಬಂದು ಎಸ್‌ಎಚ್‌ಆರ್‌ಎಂ-ಸಿಪಿ ಬರೆದೆ. ಮನೆಯವರಿಗೆ ದುಬೈ ಅವಕಾಶ ಬಂದಾಗ ಸಿಐಪಿಡಿ ಐದನೇ ಲೆವೆಲ್‌ಗೆ ಸೇರಿ ಕೋರ್ ಯೂನಿಟ್‌ಗಳನ್ನು ಮುಗಿಸಿದೆ. ದುಬೈ ಮಾತು ನಿಂತಿತು, ಓದೂ ಅಲ್ಲಿಗೇ ನಿಂತಿತು. ಎಂಬಿಎ ಮಾಡಿಲ್ಲ, ಅದರ ಬಗ್ಗೆ ಇಷ್ಟೇ ಹೇಳ್ತೀನಿ: ಒಳ್ಳೆ ಕಾಲೇಜಾದರೆ ಕ್ಯಾಂಪಸ್ ಪ್ಲೇಸ್‌ಮೆಂಟಿಗಾಗಿ ಮಾಡಿ, ಹೆಸರಿಗೆ ಮಾತ್ರ ಎಂಬಿಎ ಕೊಡುವ ಕಾಲೇಜಾದರೆ ದುಡ್ಡು ಉಳಿಸಿಕೊಳ್ಳಿ.

ಎಂಎಸ್‌ಡಬ್ಲ್ಯೂ ತರಗತಿ ಪಾಠದ ಬಗ್ಗೆ ನನಗೆ ದೊಡ್ಡ ಅಭಿಮಾನವೇನಿಲ್ಲ. ಜೆರಾಕ್ಸ್ ನೋಟ್ಸ್ ಓದಿಯೇ ಪಾಸಾಗಬಹುದು. ಅದರ ಜೀವ ಇರೋದು ಫೀಲ್ಡ್‌ವರ್ಕಿನಲ್ಲಿ. ಫ್ಯಾಕ್ಟರಿಯ ಕ್ಯಾಂಟೀನು, ಕ್ರೆಶ್, ಇಎಸ್‌ಐ ಆಸ್ಪತ್ರೆಯ ಕ್ಯೂ, ಕಾರ್ಮಿಕರ ಮನೆ ಭೇಟಿ. ಲೈನಿನಲ್ಲಿ ಹೊಲಿಯೋ ಹೆಂಗಸರಿಗೆ ಪಿಎಫ್ ಅಂದ್ರೆ ನಿವೃತ್ತಿಯ ದುಡ್ಡಲ್ಲ, ಮಗಳ ಮದುವೆ, ಊರಿನ ಸಾಲ, ಮಕ್ಕಳ ಕಾಲೇಜು ಫೀಸು. ಅದನ್ನು ಬಿಡಿಸಿಕೊಳ್ಳೋಕೆ ಅಂತಲೇ ಕೆಲಸ ಬಿಡೋರಿದ್ದಾರೆ. 2016ರಲ್ಲಿ ಪಿಎಫ್ ಹಿಂಪಡೆಯುವ ನಿಯಮ ಬಿಗಿ ಮಾಡಿದಾಗ, ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಂಡಿತು. ಆ ಸಿಟ್ಟು ಎಲ್ಲಿಂದ ಬಂತು ಅನ್ನೋದು ಒಂದು ಸಲ ಅವರ ಮನೆಗೆ ಹೋಗಿ ಬಂದಿರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫೀಲ್ಡ್‌ವರ್ಕ್ ಕಲಿಸಿದ ಇನ್ನೊಂದು, ಎನ್‌ಕ್ವೈರಿ, ಅಂದ್ರೆ ಕಾರ್ಮಿಕರ ತಪ್ಪಿನ ಬಗ್ಗೆ ಕಂಪನಿಯೇ ನಡೆಸುವ ವಿಚಾರಣೆ. ಆಪರೇಟರ್ ಒಬ್ಬ ಸೂಪರ್‌ವೈಸರ್ ಮೇಲೆ ಕೈ ಮಾಡಿದ ಅನ್ನಿ. ಚಾರ್ಜ್‌ಶೀಟ್ ಅವನಿಗೆ ಅರ್ಥವಾಗೋ ಭಾಷೆಯಲ್ಲಿರಬೇಕು. ಉತ್ತರ ಕೊಡೋಕೆ ಟೈಮ್ ಕೊಡಬೇಕು. ಎನ್‌ಕ್ವೈರಿ ಆಫೀಸರ್ ಮುಂದೆ ನಡೆದದ್ದನ್ನೆಲ್ಲ ಬರೆದು, ಓದಿ ಹೇಳಿ, ಪ್ರತಿ ಪುಟಕ್ಕೂ ಸಹಿ ಹಾಕಿಸಬೇಕು. ಸಸ್ಪೆಂಡ್ ಮಾಡಿದ್ದರೆ ಮೊದಲ 90 ದಿನ ಅರ್ಧ ಸಂಬಳ ಕೊಡಲೇಬೇಕು. ಇದರಲ್ಲಿ ಎಡವಟ್ಟಾದರೆ ಮುಂದೆ ಲೇಬರ್ ಕೋರ್ಟಿನಲ್ಲಿ ಎನ್‌ಕ್ವೈರಿಯೇ ಬಿದ್ದುಹೋಗಬಹುದು, ತಪ್ಪು ಅವನದೇ ಆಗಿದ್ದರೂ. ನಾನು ಇದನ್ನು ಕಲಿತದ್ದು ಬ್ಲಾಕ್ ಪ್ಲೇಸ್‌ಮೆಂಟಿನಲ್ಲಿ (ಒಂದೇ ಕಡೆ ಎಡೆಬಿಡದೆ ಮಾಡುವ ಫೀಲ್ಡ್‌ವರ್ಕ್), ಮೂಲೆಯಲ್ಲಿ ಕೂತು ಹೇಳಿಕೆ ಬರೆದುಕೊಳ್ತಾ.

ಎಸ್‌ಎಚ್‌ಆರ್‌ಎಂ ಬೇರೆಯದೇ ಲೋಕ. ಅಮೆರಿಕದ ಸಂಸ್ಥೆ, ಸಿಪಿ ಮತ್ತು (ಹಿರಿಯ ಹಂತದವರ) ಎಸ್‌ಸಿಪಿ ಪರೀಕ್ಷೆಗಳು ಶುರುವಾದದ್ದು 2015ರಲ್ಲಿ. ನಾನು ಬರೆದ ಪೇಪರಿನಲ್ಲಿ 134 ಪ್ರಶ್ನೆ, 3 ಗಂಟೆ 40 ನಿಮಿಷ. ಅಂಕ 120ರಿಂದ 200ರವರೆಗೆ, 200 ಬಂದರೆ ಪಾಸು. ಅಂದ್ರೆ ಎಷ್ಟೇ ಚೆನ್ನಾಗಿ ಬರೆದರೂ 200ರ ಮೇಲೆ ಏನೂ ಇಲ್ಲ, ರ‍್ಯಾಂಕ್ ಹುಚ್ಚಿನ ನಮ್ಮವರಿಗೆ ಇದು ಸ್ವಲ್ಪ ನಿರಾಸೆಯೇ. ಅಮೆರಿಕದ ಹೊರಗಿನವರಿಗೆ ಆ ದೇಶದ ಕಾನೂನಿನ ಪ್ರಶ್ನೆ ಕೇಳೋದಿಲ್ಲ. ಹಾಗಂತ ನಮ್ಮ ಕಾನೂನೂ ಇರಲ್ಲ. ಕೆಲಸ ಬಿಟ್ಟಾಗ ಸಿಗುವ ಗ್ರಾಚ್ಯುಟಿಯ 15/26 ಲೆಕ್ಕ ಬರದವರೂ ಇದನ್ನು ಆರಾಮಾಗಿ ಪಾಸು ಮಾಡಬಹುದು, ಮಾಡಿದವರ ಪಕ್ಕದಲ್ಲಿ ಕೂತು ಕೆಲಸವನ್ನೂ ಮಾಡಿದ್ದೀನಿ.

ಆದರೂ ಅದನ್ನು ನಾನು ತೆಗೆದುಹಾಕಲ್ಲ. ಕಾರಣ, ಸಂದರ್ಭ ಕೊಟ್ಟು ಕೇಳುವ ಪ್ರಶ್ನೆಗಳು. ಮ್ಯಾನೇಜರ್ ಬಂದು "ಈ ಹುಡುಗಿಯನ್ನ ನಾಳೆಯೇ ತೆಗೀರಿ" ಅಂತಾನೆ, ನೀವು ಮೊದಲು ಏನು ಮಾಡ್ತೀರಿ? ಕೊಟ್ಟಿರುವ ನಾಲ್ಕೂ ಉತ್ತರ ಸರಿಯೇ, ಹೆಚ್ಚು ಸರಿಯಾದದ್ದು ಒಂದೇ. ಫ್ಯಾಕ್ಟರಿಯಿಂದ ಬಂದ ನನ್ನ ಕೈ ನೇರವಾಗಿ ನೋಟಿಸಿನ ಕಡೆ ಹೋಗ್ತಿತ್ತು. ಪರೀಕ್ಷೆ ಬಯಸೋದು ಮೊದಲು ಮ್ಯಾನೇಜರ್ ಜೊತೆ ಕೂತು ವಿಷಯ ಏನು, ದಾಖಲೆ ಏನಿದೆ ಅಂತ ಕೇಳೋದನ್ನ. ಐಟಿಯಲ್ಲಿ ದಿನಾ ನಡೆಯೋದೂ ಇದೇ. (ಯೂನಿಯನ್ ಲೀಡರ್ ಜೊತೆ ಕಾಫಿ ಕುಡಿಯೋದು ನಾನು ಅಭ್ಯಾಸ ಮಾಡಿದ ಯಾವ ಪ್ರಶ್ನೆಯಲ್ಲೂ ಆಯ್ಕೆಯಾಗಿ ಬರಲಿಲ್ಲ. ಪೀಣ್ಯದ ಫ್ಯಾಕ್ಟರಿಗಳಲ್ಲಿ ಎಷ್ಟೋ ಸಲ ಅದೇ ಸರಿಯುತ್ತರ.) ಅಮೆರಿಕದ ಹೆಡ್ ಆಫೀಸ್ ಜೊತೆ ಮಾತಾಡುವ ಕೆಲಸಕ್ಕೆ ಈ ಸರ್ಟಿಫಿಕೇಟ್ ಉಪಯೋಗಕ್ಕೆ ಬಂತು. ಸಂಬಳ ಏರಿದ್ದು ಇದರಿಂದಲೇ ಅಂತ ಮಾತ್ರ ಹೇಳಲಾರೆ.

ಸಿಐಪಿಡಿ ಇಂಗ್ಲೆಂಡಿನದು. ಮೂಲ 1913ರ ವೆಲ್‌ಫೇರ್ ವರ್ಕರ್‌ಗಳ ಸಂಘ, ರಾಯಲ್ ಚಾರ್ಟರ್ ಸಿಕ್ಕಿದ್ದು 2000ದಲ್ಲಿ. 3, 5, 7 ಅಂತ ಲೆವೆಲ್‌ಗಳು. ನಾನು ಓದಿದ ಕಡೆ ಪರೀಕ್ಷಾ ಹಾಲ್ ಅನ್ನೋದೇ ಇರಲಿಲ್ಲ, ಎಲ್ಲ ಅಸೈನ್‌ಮೆಂಟ್. ಪ್ರತಿ ಪ್ರಶ್ನೆಗೂ ಪದಮಿತಿ, ಪ್ರತಿ ಮಾತಿಗೂ ಆಧಾರ. ಸರಿಯಿಲ್ಲದಿದ್ದರೆ "ರೆಫರ್" ಅಂತ ವಾಪಸ್ ಬರುತ್ತೆ, ತಿದ್ದಿ ಕಳಿಸಬೇಕು. ಎವಿಡೆನ್ಸ್ ಬೇಸ್ಡ್ ಪ್ರಾಕ್ಟೀಸ್ ಯೂನಿಟ್ ನನಗೆ ನಿಜಕ್ಕೂ ಹಿಡಿಸಿತು. ಜನ ಯಾಕೆ ಕೆಲಸ ಬಿಡ್ತಿದ್ದಾರೆ ಅಂತ ಬಾಸ್ ಊಹೆ ಮಾಡೋದಕ್ಕೂ, ಎಕ್ಸಿಟ್ ಇಂಟರ್‌ವ್ಯೂ, ಹಾಜರಿ, ಶಿಫ್ಟ್ ಲೆಕ್ಕ ಪಕ್ಕಪಕ್ಕ ಇಟ್ಟು ನೋಡೋದಕ್ಕೂ ಇರೋ ವ್ಯತ್ಯಾಸ ಅಲ್ಲಿ ಕಂಡಿತು. ಖರ್ಚು ಮಾತ್ರ ಜಾಸ್ತಿ, ಮೂರರಲ್ಲಿ ಜೇಬಿಗೆ ಭಾರವಾದದ್ದು ಇದೇ. ದುಬೈ, ಅಬುಧಾಬಿ ಕಡೆ ಇದಕ್ಕೆ ಬೆಲೆಯಿದೆ. ಮಂಗಳೂರು, ಉಡುಪಿಯಿಂದ ಗಲ್ಫಿಗೆ ಹೋಗುವ ಲೆಕ್ಕ ಇಟ್ಟುಕೊಂಡವರಿಗೆ ಎಸ್‌ಎಚ್‌ಆರ್‌ಎಂಗಿಂತ ಇದನ್ನೇ ಹೇಳ್ತೀನಿ. ಬೊಮ್ಮಸಂದ್ರದ ಫ್ಯಾಕ್ಟರಿ ಇಂಟರ್‌ವ್ಯೂನಲ್ಲಿ ಇದರ ಹೆಸರು ಹೇಳಿದಾಗ, ಎದುರು ಕೂತವರು ಅದೇನಮ್ಮ ಅಂದರು.

ಈಗಿನ ಲೆಕ್ಕ ಸ್ವಲ್ಪ ಬದಲಾಗ್ತಿದೆ. 29 ಕಾನೂನುಗಳ ಜಾಗಕ್ಕೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಾಗಿವೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿದ್ದರೆ ವೆಲ್‌ಫೇರ್ ಆಫೀಸರ್ ಬೇಕಿತ್ತು, ಹೊಸ ಸಂಹಿತೆಯಲ್ಲಿ ಅದು 250. ಮಧ್ಯಮ ಗಾತ್ರದ ಯೂನಿಟ್‌ಗಳೂ ಇನ್ನು ಜನ ಹುಡುಕಬೇಕು. ಹಾಗೇ ನಾನು ಓದಿದ ಲೇಬರ್ ಲಾ ಪೇಪರಿನ ಅರ್ಧಕ್ಕರ್ಧ ಹಳತಾಯ್ತು, ವೇತನ ಅಂದ್ರೇನು ಅನ್ನೋದರಿಂದ ಮತ್ತೆ ಶುರು ಮಾಡಬೇಕು. ಎಂಎಸ್‌ಡಬ್ಲ್ಯೂ ಸೇರೋರು ಸಿಲಬಸ್‌ನಲ್ಲಿ ಸಂಹಿತೆಗಳು ಬಂದಿವೆಯಾ ಅಂತ ಅಡ್ಮಿಷನ್‌ಗೂ ಮುಂಚೆ ವಿಚಾರಿಸಿ.

ಕನ್ನಡ ಮೀಡಿಯಂನಿಂದ ಬಂದು ಕೈಯಲ್ಲಿ ದುಡ್ಡು ಕಡಿಮೆ ಇರೋರಿಗೆ ನನ್ನ ಓಟು ಎಂಎಸ್‌ಡಬ್ಲ್ಯೂಗೇ. ಕಾರ್ಮಿಕರ ಜೊತೆ ಕನ್ನಡದಲ್ಲಿ ಮಾತಾಡೋದು ಅಲ್ಲಿ ಕೊರತೆಯಲ್ಲ, ಕೆಲಸದ ಅರ್ಹತೆ. ಎರಡು ಮೂರು ವರ್ಷ ಫ್ಯಾಕ್ಟರಿ ನೋಡಿದ ಮೇಲೆ ಐಟಿ ಕಡೆ ಹೊರಳುವ ಮನಸ್ಸಾದರೆ ಎಸ್‌ಎಚ್‌ಆರ್‌ಎಂ ಬರೀರಿ, ಅದೂ ಕಂಪನಿ ಫೀಸು ಕಟ್ಟೋದಾದರೆ. ಬರೆದಲ್ಲಿಗೆ ಮುಗಿಯಲ್ಲ ಅನ್ನೋದೂ ಗೊತ್ತಿರಲಿ: ಮೂರು ವರ್ಷಕ್ಕೊಮ್ಮೆ 60 ಕ್ರೆಡಿಟ್ (ಮುಂದುವರಿದ ಕಲಿಕೆಗೆ ಸಿಗುವ ಅಂಕ) ತೋರಿಸಿ ನವೀಕರಿಸಬೇಕು, ಇಲ್ಲಾಂದ್ರೆ ಪರೀಕ್ಷೆ ಮತ್ತೆ ಬರೀಬೇಕು. ಸಿಐಪಿಡಿ ಸದಸ್ಯತ್ವಕ್ಕೆ ವರ್ಷವರ್ಷ ಚಂದಾ. ನನ್ನ ಎಸ್‌ಎಚ್‌ಆರ್‌ಎಂ ನವೀಕರಣದ ದುಡ್ಡನ್ನು ಸದ್ಯಕ್ಕೆ ಆಫೀಸೇ ಕೊಡ್ತಿದೆ, ಕೊಡೋವರೆಗೂ ಇಟ್ಕೊಂಡಿರ್ತೀನಿ.