ಎಸ್‌ಪಿ ರಸ್ತೆಯ ಎಫ್‌ಎಸ್‌ಆರ್, ನಮ್ಮನೆ ಟೊಮೆಟೊ

ಪೀಣ್ಯದಲ್ಲಿ ಲೇತ್ ಕೆಲಸ ನನ್ನದು. ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಇಬ್ಬರೂ ಸೇರಿ ಎರಡು ಬೆರಳಿನ ರೋಬೋಟ್ ಕೈ ಮಾಡಿದೆವು. ಬೆರಳು ಮಡಚುವ ಸರ್ವೋ ಮೋಟಾರ್‌ಗೆ ಹದ ಗೊತ್ತಿಲ್ಲವಲ್ಲ, ಮೊದಲ ದಿನವೇ ಮೂರು ಟೊಮೆಟೊ ಅಪ್ಪಚ್ಚಿ. "ದಿನಾ ಗೊಜ್ಜೇ ಮಾಡ್ಲಾ?" ಎಂದಳು ಹೆಂಡತಿ. ಬೆರಳಿಗೆ ಮುಟ್ಟಿದ್ದು ತಿಳಿಯುವಂತೆ ಮಾಡೋಣ ಅಂತ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್‌ಪಿ ರಸ್ತೆಗೆ ಹೋದೆ.

ಮಹಡಿ ಮೇಲಿನ ಸಣ್ಣ ಅಂಗಡಿಯೊಂದರಲ್ಲಿ ದುಂಡನೆಯ ಎಫ್‌ಎಸ್‌ಆರ್, ಅಂದರೆ ಒತ್ತಿದ್ದನ್ನು ತಿಳಿಯುವ ಸೆನ್ಸರ್ (ಫೋರ್ಸ್ ಸೆನ್ಸಿಂಗ್ ರೆಸಿಸ್ಟರ್) ಸಿಕ್ಕಿತು. ಒಂದಕ್ಕೆ 280 ರೂಪಾಯಿ. ಎರಡು ತಂದೆ. ವೈರ್ ಜೋಡಿಸಲು ಅದಕ್ಕೊಂದು ಪ್ಲಾಸ್ಟಿಕ್ ಬಾಲವಿದೆ. "ಅಣ್ಣ, ಬಾಲಕ್ಕೆ ಸೋಲ್ಡರ್ ಹಾಕ್ಬೇಡಿ, ಕರಗೋಗುತ್ತೆ" ಅಂದ ಅಂಗಡಿ ಹುಡುಗ. ಇಪ್ಪತ್ತೈದು ವರ್ಷ ಕಬ್ಬಿಣದ ಜೊತೆ ಬಾಳಿದವನಿಗೆ ಇವನೇನು ಹೇಳೋದು ಅಂದುಕೊಂಡೆ. ರಾತ್ರಿ ಒಂದರ ಬಾಲ ಮುದುಡಿಹೋಯಿತು. ಮಾರನೇ ದಿನ ಮತ್ತೆ 280. ಈಗ ಸ್ಕ್ರೂ ಕನೆಕ್ಟರ್ ಹಾಕಿದ್ದೇನೆ.

ಒಳಗಿರುವುದು ಎರಡು ತೆಳು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಒಂದರ ಮೇಲೆ ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ತೂರಿದಂತೆ ಗೆರೆಗಳು, ಆದರೆ ಒಂದಕ್ಕೊಂದು ತಾಗುವುದಿಲ್ಲ. ಇನ್ನೊಂದರ ಮೇಲೆ ಕಾರ್ಬನ್ ಶಾಯಿ. ಒತ್ತಿದಷ್ಟೂ ಶಾಯಿ ಗೆರೆಗಳಿಗೆ ಜಾಸ್ತಿ ತಾಗಿ ರೆಸಿಸ್ಟೆನ್ಸ್ ಇಳಿಯುತ್ತದೆ. 10 ಕಿಲೋ ಓಮ್ ರೆಸಿಸ್ಟರ್ ಜೊತೆ ಸೇರಿಸಿ ಆರ್ಡುಯಿನೋ ಎಂಬ ಪುಟ್ಟ ಕಂಟ್ರೋಲ್ ಬೋರ್ಡಿನ ಅನಲಾಗ್ ಪಿನ್‌ಗೆ ಕೊಟ್ಟರೆ 0ಯಿಂದ 1023ರವರೆಗೆ ಅಂಕಿ ಬರುತ್ತದೆ, ಒತ್ತಿದಷ್ಟೂ ಅಂಕಿ ದೊಡ್ಡದು.

ಇದನ್ನು ತಕ್ಕಡಿ ಅಂದುಕೊಂಡು ಮಾತ್ರ ಕೊಳ್ಳಬೇಡಿ. ಅಪ್ಪನ ಕಾಲದ ತೂಕದ ಬಟ್ಟುಗಳನ್ನಿಟ್ಟು ನೋಡಿದೆ. 100 ಗ್ರಾಂಗೆ 640ರ ಸುತ್ತ ಬಂತು. ಒಂದು ಕಿಲೋ ಇಟ್ಟರೆ 930, ಅಷ್ಟೇ. ಅದೇ 100 ಗ್ರಾಂ ಹಾಗೇ ಬಿಟ್ಟು ಕಾಫಿ ಕುಡಿದು ಬಂದರೆ ಅಂಕಿ ತಾನಾಗಿಯೇ ಏರಿತ್ತು. ಎರಡು ಸೆನ್ಸರ್ ಒಂದೇ ಅಂಕಿ ತೋರಿಸುವುದೂ ಇಲ್ಲ, ಒಂದೊಂದಕ್ಕೂ ಬೇರೆ ಲೆಕ್ಕ ಬರೆದಿಟ್ಟುಕೊಳ್ಳಬೇಕು. ಸೈಕಲ್ ಟ್ಯೂಬಿನಿಂದ ಸಣ್ಣ ಬಿಲ್ಲೆ ಕತ್ತರಿಸಿ ಮೇಲೆ ಅಂಟಿಸಿದ ಮೇಲೆ ಅಂಕಿಯ ಕುಣಿತ ಎಷ್ಟೋ ಕಡಿಮೆಯಾಯಿತು. ಹಿಡಿತವೂ ಬಂತು.

ನನಗೆ ಬೇಜಾರಾಗಿದ್ದು ಬೇರೆ ಕಡೆ. ತೊಳೆದ ಟೊಮೆಟೊ ಮೆಲ್ಲಗೆ ಜಾರುತ್ತಿತ್ತು, ಅಂಕಿ ಮಾತ್ರ ಅಲುಗಲಿಲ್ಲ. ನೆಲಕ್ಕೆ ಬಿದ್ದ ಮೇಲೆ ಸೊನ್ನೆ! ನೇರ ಒತ್ತಿದ್ದಷ್ಟೇ ಇದಕ್ಕೆ ತಿಳಿಯುವುದು, ಪಕ್ಕಕ್ಕೆ ಎಳೆದಿದ್ದು ತಿಳಿಯುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಜೆಲ್‌ಸೈಟ್ ಎಂಬುದನ್ನು ಮಗಳು ಫೋನಿನಲ್ಲಿ ತೋರಿಸಿದಳು. ಬೆರಳ ತುದಿಯಲ್ಲಿ ಮೆತ್ತನೆಯ ಜೆಲ್, ಅದರ ಹಿಂದೆ ಪುಟ್ಟ ಕ್ಯಾಮೆರಾ. ಜೆಲ್ ಹೇಗೆ ಎಳೆದುಕೊಳ್ಳುತ್ತದೆ ಎಂದು ನೋಡಿಯೇ ಜಾರುವುದನ್ನು ಪತ್ತೆಹಚ್ಚಬಹುದಂತೆ. ನಮ್ಮ 280 ರೂಪಾಯಿಗೆ ಅಷ್ಟೆಲ್ಲ ಕೇಳುವುದು ತಪ್ಪು, ಅಲ್ವಾ?

ಮಕ್ಕಳ ಪ್ರಾಜೆಕ್ಟ್‌ಗೆ ಧಾರಾಳವಾಗಿ ತನ್ನಿ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ನಮ್ಮ ಕೈ ಈಗ ಫಾರಂ ಟೊಮೆಟೊಗೆ 600 ಬಂದರೆ ನಿಲ್ಲುತ್ತದೆ, ನಾಟಿಗೆ 450. ಹಣ್ಣು ಒರೆಸಿ ಕೊಡುವ ಕೆಲಸ ಮಾತ್ರ ನನ್ನದು.