ಇಂಡಿಕಾ, ಫರ್ಗಾಟನ್ ಸಿಟಿ, ಟಾಲೋಸ್: ಮೂರರಲ್ಲಿ ಯಾವುದು?

ದೇವರು, ಪಾಪ, ಸರಿ-ತಪ್ಪುಗಳ ಬಗ್ಗೆ ತಲೆಗೆ ಹುಳ ಬಿಡುವ ಪಜಲ್ ಗೇಮ್ ಬೇಕು, ಆದರೆ ತೀರಾ ಉದ್ದ ಇರಬಾರದು ಅಂತ ಕೇಳಿದ್ದಿರಿ.

ಬರೀ ಸಮಯ ನೋಡಿದರೆ 2024ರ 'ಇಂಡಿಕಾ'. ನಾಲ್ಕೈದು ಗಂಟೆ, ಒಂದು ಭಾನುವಾರ ಸಾಕು. 2021ರ 'ದ ಫರ್ಗಾಟನ್ ಸಿಟಿ' ಹೆಚ್ಚುಕಡಿಮೆ ಅದರ ಎರಡರಷ್ಟು. 2014ರ 'ದ ಟಾಲೋಸ್ ಪ್ರಿನ್ಸಿಪಲ್' ಚಿಕ್ಕದಂತೂ ಅಲ್ಲ, ಒಗಟುಗಳೇ ನೂರು ದಾಟುತ್ತವೆ.

ಒಗಟಿನ ರುಚಿಗೆ ಮಾತ್ರ ಟಾಲೋಸ್‌ಗೆ ಸಾಟಿಯಿಲ್ಲ. ಲೇಸರ್ ಕಿರಣ ಹೊಂದಿಸುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಮೇಲಿಂದ ದೇವರಂತೆ ಮಾತಾಡುವ ಎಲೋಹಿಮ್‌ನ ದನಿ ಗೋಪುರ ಹತ್ತಬೇಡ ಅನ್ನುತ್ತಿರುತ್ತದೆ. ಹತ್ತುತ್ತೀರೋ ಇಲ್ಲವೋ ನಿಮಗೆ ಬಿಟ್ಟಿದ್ದು.

ಇಂಡಿಕಾದ ಒಗಟುಗಳು ಸುಲಭ, ಕೆಲವು ಸಪ್ಪೆ. ಆದರೆ ಒಂದು ಕಡೆ ನಾಯಕಿಯಾದ ಸನ್ಯಾಸಿನಿಯ ತಲೆಯೊಳಗಿನ ಸೈತಾನ ಮಾತಾಡಿದಂತೆ ಜಗತ್ತೇ ಸೀಳುತ್ತದೆ. ಬಟನ್ ಒತ್ತಿ ಪ್ರಾರ್ಥಿಸಿದರೆ ಕೂಡಿಕೊಳ್ಳುತ್ತದೆ. ದಾರಿ ಸಿಗಬೇಕಾದರೆ ನಡುನಡುವೆ ಪ್ರಾರ್ಥನೆ ಬಿಡಲೇಬೇಕು! ನಂಬಿಕೆಯ ತೊಳಲಾಟ ನೇರ ಕೈಬೆರಳಿಗೇ ಬರುತ್ತದೆ. ಮಕ್ಕಳ ಮುಂದೆ ಆಡುವಂಥದ್ದಲ್ಲ.

ಜನರ ಜೊತೆ ಮಾತಾಡಿ ಗುಟ್ಟು ಬಿಡಿಸೋದು ಇಷ್ಟವಾದರೆ ಫರ್ಗಾಟನ್ ಸಿಟಿ. ಈ ರೋಮನ್ ಊರಲ್ಲಿ ಒಬ್ಬ ಪಾಪ ಮಾಡಿದರೆ ಎಲ್ಲರೂ ಚಿನ್ನದ ಬೊಂಬೆ. ನೀವು ಕದ್ದು ಕಾಲದ ಬಾಗಿಲಿಗೆ ಓಡಿದರೆ ದಿನ ಮೊದಲಿಂದ ಶುರು, ಕದ್ದ ಮಾಲು ಮಾತ್ರ ಚೀಲದಲ್ಲೇ ಇರುತ್ತದೆ. ಓದೋದು, ಕೇಳೋದು ಜಾಸ್ತಿ. ಅದರಿಂದ ಬೇಜಾರಾಗುವವರು ಇದನ್ನು ಮುಟ್ಟಬೇಡಿ.