ಪೈಲಟ್ ಕೆಲಸ ಕೊಡಿಸುವ ಏಜೆನ್ಸಿ: ಕಾಗದಪತ್ರಕ್ಕೆ ಸೈ, ಕೆಲಸಕ್ಕೆ ಅಲ್ಲ

ಬೇರೆ ದೇಶದ ಲೈಸೆನ್ಸ್ ಇದ್ದರೂ ಹಾರಾಟದ ಕೆಲಸ ಕೊಡಿಸುತ್ತೇವೆ ಎನ್ನುವ ಏಜೆನ್ಸಿಯೊಂದಕ್ಕೆ ದುಡ್ಡು ಕಟ್ಟಿದ್ದೆ. ಹೆಸರು ಬೇಡ.

ಕಾಗದಪತ್ರದಲ್ಲಿ ಅವರು ನಿಜಕ್ಕೂ ಗಟ್ಟಿಗರು. ಲಾಗ್‌ಬುಕ್ಕಿನ (ಹಾರಾಟದ ಗಂಟೆಗಳ ದಾಖಲೆ ಪುಸ್ತಕ) ಪ್ರತಿ ಪುಟದ ಮೊತ್ತ ಮುಂದಿನ ಪುಟಕ್ಕೆ ಸರಿಯಾಗಿ ಹೋಗಿದೆಯಾ, ರಾತ್ರಿ ಹಾರಾಟ, ಇನ್‌ಸ್ಟ್ರುಮೆಂಟ್ ಗಂಟೆಗಳು (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರಿಸಿದ್ದು) ಬೇರೆ ಬೇರೆ ಕಾಲಂನಲ್ಲಿ ಇವೆಯಾ ಅಂತ ಪೆನ್ಸಿಲ್ ಹಿಡಿದು ನೋಡಿದರು. ಲೈಸೆನ್ಸ್ ಕೊಟ್ಟ ಇಲಾಖೆಯಿಂದ ದೃಢೀಕರಣ ಪತ್ರಕ್ಕೆ ಅರ್ಜಿಯನ್ನೂ ಅವರೇ ಹಾಕಿಸಿದರು.

ಬೇಸರವಾಗಿದ್ದು ಅವರ ಮಾತಿನಿಂದ. "ಐಕಾವೊ ಲೈಸೆನ್ಸ್ ಸರ್, ಎಲ್ಲಿ ಬೇಕಾದ್ರೂ ನಡೆಯುತ್ತೆ" ಅಂದಿದ್ದರು. ಹಾಗೆಲ್ಲ ನಡೆಯಲ್ಲ. ಐಕಾವೊ ಅಂದರೆ ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ. ಅದು ನಿಗದಿ ಮಾಡುವುದು ಕನಿಷ್ಠ ಮಟ್ಟ ಅಷ್ಟೇ. ವಿಮಾನ ಯಾವ ದೇಶದಲ್ಲಿ ನೋಂದಣಿ ಆಗಿದೆಯೋ ಆ ದೇಶದ ಲೈಸೆನ್ಸ್ ಬೇಕು, ಇಲ್ಲವೇ ನಮ್ಮ ಲೈಸೆನ್ಸಿಗೆ ಆ ದೇಶದ ಒಪ್ಪಿಗೆ ಬೇಕು. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ ನಿಯಮದ ಎಟಿಪಿಎಲ್‌ಗೆ (ಏರ್‌ಲೈನ್ ಪೈಲಟ್‌ಗಳ ಉನ್ನತ ಲೈಸೆನ್ಸ್) 13 ಥಿಯರಿ ಪರೀಕ್ಷೆ, ಪ್ರತಿಯೊಂದರಲ್ಲೂ ಶೇ. 75 ಅಂಕ ಬರಲೇಬೇಕು. ಅಮೆರಿಕದಲ್ಲಿ ವಿದೇಶಿ ಲೈಸೆನ್ಸ್ ತೋರಿಸಿದರೆ ಸಾಮಾನ್ಯವಾಗಿ ಸಿಗುವುದು ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಮಾತ್ರ. ಅದನ್ನಿಟ್ಟುಕೊಂಡು ಸಂಬಳಕ್ಕೆ ಹಾರಿಸುವ ಹಾಗಿಲ್ಲ.

ಇನ್ನು ಆ ದೇಶದಲ್ಲಿ ದುಡಿಯುವ ಹಕ್ಕು ಇದೆಯಾ ಎಂಬ ಪ್ರಶ್ನೆ. ಅದನ್ನು ಕೊನೆಗೆ ಕೇಳಿದರು! ದುಡ್ಡು ಕಟ್ಟಿಸಿಕೊಳ್ಳುವ ಮೊದಲೇ ಕೇಳಬೇಕಿತ್ತು ಅಲ್ವಾ? ಎಷ್ಟೋ ಏರ್‌ಲೈನ್‌ಗಳು ಅದಿಲ್ಲದ ಅರ್ಜಿಯನ್ನು ಮುಂದಕ್ಕೇ ತಗೊಳ್ಳಲ್ಲ.

ಕಾಗದಪತ್ರದ ಕೆಲಸವನ್ನಷ್ಟೇ ಬೇರೆ ಮಾಡಿಕೊಟ್ಟರೆ ಮತ್ತೆ ಅವರ ಹತ್ತಿರವೇ ಹೋಗುತ್ತೇನೆ. ಅವರು ಕಳಿಸಿದ ಖಾಲಿ ಹುದ್ದೆಗಳ ಪಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ, ಏರ್‌ಲೈನ್‌ಗಳ ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತೆ.